ಮೊದಲೇ ಕುಗ್ಗಿಸಿದ ಬಟ್ಟೆ

ಜೂನ್ ಹದಿನಾಲ್ಕನೆಯ ತಾರೀಕು, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಒಂದು ನೀಲಿ ಪ್ಯಾಂಟು ಟೈಲರಮ್ಮನ ಮೇಜಿನ ಮೇಲೆ ಬಂದು ಬಿತ್ತು. ಬಿತ್ತು ಅನ್ನುವುದಕ್ಕಿಂತ ಎಸೆದರು ಅನ್ನುವುದೇ ಸರಿ. ಅದರ ರಭಸಕ್ಕೆ ಗುರುತು ಹಾಕುವ ಸೀಮೆಸುಣ್ಣ ಉರುಳಿ ನೆಲಕ್ಕೆ ಬಿದ್ದು ಚೂರಾಯಿತು.

"ಇದು ಪ್ಯಾಂಟಾ, ಚಡ್ಡಿಯಾ? ನೀವೇ ಹೇಳಿ," ಎಂದರು ಬ್ಯಾಂಕಿನ ಕ್ಯಾಷಿಯರಮ್ಮ. "ಇನ್ನೂ ಮೂರು ಸಲ ಒಗೆದಿಲ್ಲ. ನನ್ನ ಮಗ ಕ್ಲಾಸಲ್ಲಿ ಎದ್ದು ನಿಂತ್ರೆ ಕಾಲುಚೀಲ ಪೂರ್ತಿ ಕಾಣುತ್ತೆ. ಹುಡುಗ್ರು 'ಏನೋ, ಹೊಳೆ ದಾಟ್ಕೊಂಡು ಬಂದ್ಯಾ' ಅಂತ ಆಡ್ಕೋತಾರಂತೆ."

ಟೈಲರಮ್ಮ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು, ಪ್ಯಾಂಟನ್ನು ಮಡಿಸಿ, ಒಳಗಾಲಿನ ಹೊಲಿಗೆಯ ಉದ್ದಕ್ಕೂ ಹಿಡಿದಳು. ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ಹಿಡಿದಳು.

"ಅರವತ್ತಮೂರು ಸೆಂಟಿಮೀಟರ್ ಇದೆ. ನಾನು ಅರವತ್ತೆಂಟು ಇಟ್ಟಿದ್ದೆ."

"ಇಟ್ಟಿದ್ರೋ, ಉಳಿಸ್ಕೊಂಡ್ರೋ?"

ಒಳಬಾಗಿಲಲ್ಲಿ ಕೆಲಸಕ್ಕೆ ಹೊರಟು ನಿಂತಿದ್ದ ಪುಟ್ಟಿಗೆ ಆ ಮಾತು ಕೇಳಿಸಿತು. ಪುಟ್ಟಿ ಟೈಲರಮ್ಮನ ಅಣ್ಣನ ಮಗಳು. ಐದು ವರ್ಷದವಳಿದ್ದಾಗಿನಿಂದ ಅತ್ತೆಯ ಮನೆಯಲ್ಲೇ, ಈ ಹೊಲಿಗೆ ಯಂತ್ರದ ಸದ್ದಿನಲ್ಲೇ ಓದಿ ಬೆಳೆದವಳು. ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಬಟ್ಟೆಯ ಮಿಲ್ಲಿನ ಲ್ಯಾಬಿಗೆ ಸೇರಿ ಇನ್ನೂ ಐದು ತಿಂಗಳು. ಅತ್ತೆಯನ್ನು ಗಿರಾಕಿಗಳು ತಡವಾಯಿತೆಂದು ಬೈದದ್ದನ್ನು ಕೇಳಿದ್ದಳು, ಕುತ್ತಿಗೆ ಬಿಗಿಯಾಯಿತೆಂದು ಗೊಣಗಿದ್ದನ್ನು ಕೇಳಿದ್ದಳು. ಮುಖದ ಮೇಲೆ ಹೀಗೆ ಕಳ್ಳತನ ಹೊರಿಸಿದ್ದನ್ನು ಕೇಳಿರಲಿಲ್ಲ.

"ಬಟ್ಟೆ ಶಾಲೆಯೋರು ಕೊಟ್ಟಿದ್ದು," ಎಂದಳು ಟೈಲರಮ್ಮ ನಿಧಾನವಾಗಿ. "ಉಳಿದ ಥಾನು, ತುಂಡು, ಚಿಂದಿ ಎಲ್ಲ ಚೀಲಕ್ಕೆ ತುಂಬಿ ಶಾಲೆಗೇ ವಾಪಸ್ ಕಳಿಸಿದೀನಿ."

"ಕಳಿಸಿದ್ದು ನೋಡಿದೀವಿ. ಕಳಿಸದೇ ಇದ್ದದ್ದು ನೋಡಿದೋರು ಯಾರು? ಮುನ್ನೂರು ಮಕ್ಕಳ ಪ್ಯಾಂಟು. ಒಂದೊಂದರಲ್ಲಿ ನಾಲ್ಕು ಬೆರಳು ಅಂದ್ರೆ ಎಷ್ಟಾಯ್ತು? ನಾನು ಲೆಕ್ಕದೋಳು ಟೈಲರಮ್ಮ, ನನಗೆ ಕಥೆ ಹೇಳ್ಬೇಡಿ. ನಾಳೆ ಹತ್ತಕ್ಕೆ ಶಾಲೇಲಿ ಎಲ್ಲ ತಂದೆತಾಯಂದ್ರೂ ಸೇರ್ತೀವಿ. ಹೆಡ್‌ಮೇಡಂ ನಿಮ್ಮನ್ನೂ ಬರಕ್ಕೆ ಹೇಳಿದಾರೆ. ಆ ಬಟ್ಟೆ ಎಲ್ಲಿ ಹೋಯ್ತು ಅಂತ ಅಲ್ಲೇ ಹೇಳಿ. ಇಲ್ಲಾಂದ್ರೆ ಮುಂದಿನ ವರ್ಷಕ್ಕೆ ಬೇರೆಯೋರು ಹೊಲೀತಾರೆ."

ಕ್ಯಾಷಿಯರಮ್ಮ ಹೋದ ಮೇಲೆ ಅತ್ತೆ ಬಗ್ಗಿ ಸೀಮೆಸುಣ್ಣದ ಚೂರುಗಳನ್ನು ಒಂದೊಂದಾಗಿ ಆಯ್ದಳು. ಶಾಲೆಯ ಸಮವಸ್ತ್ರವೆಂದರೆ ಅವಳ ವರ್ಷದ ಅರ್ಧ ದುಡಿಮೆ. ಆದರೆ ಅವಳಿಗೆ ನೋವಾಗಿದ್ದು ಆ ದುಡ್ಡಿಗಲ್ಲ ಎಂದು ಪುಟ್ಟಿಗೆ ಗೊತ್ತಿತ್ತು.

"ಅತ್ತೆ, ನೀನು ಯಾಕೆ ಸುಮ್ಮನಿದ್ದೆ?"

"ಅಳತೆ ಟೇಪೇ ಅವಳ ಕಡೆ ಇದೆಯಲ್ಲೇ. ನಾನೇನು ಮಾತಾಡ್ಲಿ?" ಎಂದಳು ಅತ್ತೆ.

ಹೊಲಿಗೆ ಯಂತ್ರದ ಪಾದದ ಕೆಳಗೆ ಗೇಣುದ್ದದ ನೀಲಿ ತುಂಡೊಂದು ಸಿಕ್ಕಿಕೊಂಡಿತ್ತು. ನೂಲು ಬದಲಿಸಿದಾಗಲೆಲ್ಲ ಹೊಲಿಗೆ ಸರಿ ಬೀಳುತ್ತದೆಯೇ ಎಂದು ನೋಡಲು ಅತ್ತೆ ಬಳಸಿ ಅಲ್ಲೇ ಮರೆತಿದ್ದ ತುಂಡು. ಪುಟ್ಟಿ ಅದನ್ನು ಎಳೆದು ಬ್ಯಾಗಿಗೆ ಹಾಕಿಕೊಂಡಳು.

ಬಸ್ಸಿನಲ್ಲಿ ಕುಳಿತವಳಿಗೆ ಜನವರಿಯ ಒಂದು ಸಂಜೆ ನೆನಪಿಗೆ ಬಂತು. ಬೇಡವೆಂದರೂ ಬಂತು.

ಕೆಲಸಕ್ಕೆ ಸೇರಿದ ಮೊದಲ ವಾರ ಅವಳಿಗೆ ಮಿಲ್ಲನ್ನೆಲ್ಲ ಸುತ್ತಿಸಿ ತೋರಿಸಿದ್ದರು. ಮಗ್ಗಗಳ ಹಾಲಿನಲ್ಲಿ ಮಾತಾಡಬೇಕೆಂದರೆ ಕಿವಿಗೆ ಬಾಯಿಟ್ಟು ಕೂಗಬೇಕು. ಅಲ್ಲಿಂದ ಇಳಿದ ಬಟ್ಟೆ ಗಂಜಿ ಬಿಡಿಸಿಕೊಂಡು, ಕುದಿದು, ಬಿಳಿಯಾಗಿ, ಬಣ್ಣದ ತೊಟ್ಟಿಯಲ್ಲಿ ಮುಳುಗಿ, ಬಿಸಿಗಾಳಿಯ ಸುರಂಗದಲ್ಲಿ ಒಣಗಿ ಬರುತ್ತದೆ. ಇಷ್ಟೂ ಯಂತ್ರಗಳು ಅದನ್ನು ಉದ್ದಕ್ಕೆ ಜಗ್ಗುತ್ತಲೇ ಇರುತ್ತವೆ. ಜಗ್ಗದಿದ್ದರೆ ಬಟ್ಟೆ ಮುಂದೆ ಸಾಗುವುದೇ ಇಲ್ಲ. ಹತ್ತಿಯ ನೂಲು ಆ ಎಳೆತವನ್ನು ಮೈಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಯಾರೋ ಬಕೆಟ್ಟಿನಲ್ಲಿ ನೆನೆಸಿದ ದಿನ ಅದನ್ನು ಬಿಟ್ಟುಕೊಡುತ್ತದೆ. ಬಟ್ಟೆ ಕುಗ್ಗುವುದೆಂದರೆ ಇಷ್ಟೇ. ಅದು ಚಿಕ್ಕದಾಗುವುದಿಲ್ಲ, ತಾನಿದ್ದ ಅಳತೆಗೆ ಮರಳುತ್ತದೆ.

ಇದಕ್ಕೆ ಮಿಲ್ಲಿನ ಕೊನೆಯಲ್ಲೊಂದು ಯಂತ್ರವಿತ್ತು. ಅದರಲ್ಲಿ ಮೂರು ಬೆರಳು ದಪ್ಪದ ರಬ್ಬರಿನ ಪಟ್ಟಿ ಉರುಳೆಯೊಂದನ್ನು ಬಳಸಿ ಬರುತ್ತದೆ. ಬಾಗಿದಾಗ ರಬ್ಬರಿನ ಹೊರಮೈ ಹಿಗ್ಗುತ್ತದೆ, ನೆಟ್ಟಗಾದಾಗ ಕುಗ್ಗುತ್ತದೆ. ಒದ್ದೆ ಬಟ್ಟೆಯನ್ನು ಆ ಹಿಗ್ಗಿದ ಮೈಗೆ ಇನ್ನೊಂದು ಉರುಳೆಯಿಂದ ಬಿಗಿಯಾಗಿ ಒತ್ತಿ ಹಿಡಿದರೆ, ರಬ್ಬರಿನ ಜೊತೆಗೆ ಬಟ್ಟೆಯೂ ಒಟ್ಟಾಗುತ್ತದೆ. ನೂರು ಮೀಟರ್ ಒಳಗೆ ಹೋದರೆ ತೊಂಬತ್ತೆರಡೋ ತೊಂಬತ್ತಮೂರೋ ಹೊರಗೆ ಬರುತ್ತದೆ. ಆಮೇಲೆ ಅದನ್ನು ಎಷ್ಟು ಒಗೆದರೂ ಚಿಂತೆಯಿಲ್ಲ. ಅಂಚಿನ ಮೇಲೆ 'ಮೊದಲೇ ಕುಗ್ಗಿಸಿದ್ದು' ಎಂಬ ಮುದ್ರೆ ಬೀಳುತ್ತದೆ.

ಪುಟ್ಟಿಗೆ ಆ ಯಂತ್ರ ಎಷ್ಟು ಇಷ್ಟವಾಯಿತೆಂದರೆ, ಅಂದು ಸಂಜೆ ಮನೆಗೆ ಬಂದವಳೇ ಪೆನ್ಸಿಲ್ ಅಳಿಸುವ ರಬ್ಬರನ್ನು ಬಾಗಿಸಿ, ಅದರ ಬೆನ್ನಿಗೆ ಬಟ್ಟೆ ಚೂರು ಹಿಡಿದು ಅತ್ತೆಗೆ ಆಟ ತೋರಿಸಿದ್ದಳು. ಅತ್ತೆಗೆ ಹೊಸ ಬಟ್ಟೆ ಬಂದ ಕೂಡಲೇ ತಗಡಿನ ತೊಟ್ಟಿಯಲ್ಲಿ ಒಂದು ದಿನ ನೆನೆಹಾಕಿ, ಒಣಗಿಸಿ, ಆಮೇಲೇ ಕತ್ತರಿ ಹಿಡಿಯುವ ಅಭ್ಯಾಸ. ಮುಂದೆ ಮಾರ್ಚಿನಲ್ಲಿ ಶಾಲೆಯ ಥಾನುಗಳು ಬಂದಾಗಲೂ ತೊಟ್ಟಿ ಎಳೆದಿದ್ದಳು. "ಅಯ್ಯೋ ಅತ್ತೆ, ಇದು ನಮ್ಮ ಮಿಲ್ಲಿನ ಬಟ್ಟೆ. ಮುದ್ರೆ ನೋಡು. ನಾನೇ ದಿನಾ ಪರೀಕ್ಷೆ ಮಾಡ್ತೀನಿ, ನೂರಕ್ಕೆ ಒಂದೂ ಕುಗ್ಗಲ್ಲ. ನೆನೆಸೋ ಕಾಲ ಮುಗೀತು," ಎಂದಿದ್ದು ಪುಟ್ಟಿಯೇ. ಅತ್ತೆ ನಗುತ್ತಾ, "ಸರಿ ಬಿಡಮ್ಮ, ಮನೇಲಿ ವಿಜ್ಞಾನಿ ಇರೋವಾಗ ನನ್ನ ತೊಟ್ಟಿಗೂ ರಜೆ ಸಿಕ್ತು," ಎಂದು ಅದನ್ನು ಹಿತ್ತಿಲಿಗೆ ಹಾಕಿ ಸೌದೆ ತುಂಬಿದ್ದಳು.

ಈ ಬೆಳಿಗ್ಗೆ ಅತ್ತೆ ಆ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಪುಟ್ಟಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ.

ಲ್ಯಾಬಿನಲ್ಲಿ ಮೊದಲು ಆ ನೀಲಿ ತುಂಡಿನ ಮೇಲೆ ಇಪ್ಪತ್ತು ಸೆಂಟಿಮೀಟರ್ ದೂರಕ್ಕೆ ಎರಡು ಗುರುತು ಹಾಕಿದಳು. ಬಿಸಿನೀರಿನಲ್ಲಿ ಒಗೆದು, ಒಣಗಿಸಿ ಅಳೆದರೆ ಹದಿನೆಂಟೂವರೆ. ತನ್ನದೇ ತಪ್ಪಿರಬೇಕೆಂದು ಸ್ಕೇಲು ಬದಲಿಸಿ ಅಳೆದಳು. ಹದಿನೆಂಟೂವರೆಯೇ. ಬೆಳಿಗ್ಗೆ ಯಂತ್ರದಿಂದ ಬಂದ ಆ ದಿನದ ಮಾದರಿ ಪಕ್ಕದಲ್ಲೇ ಇತ್ತು. ಅದೇ ಹತ್ತಿ, ಅದೇ ನೇಯ್ಗೆ, ಅದೇ ನೀಲಿ. ಅದನ್ನು ಒಗೆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಒಂದೇ ಬಟ್ಟೆ ಎರಡು ಥರ ನಡೆದುಕೊಳ್ಳುವುದಿಲ್ಲ. ಹಾಗಾದರೆ ಇವೆರಡೂ ಒಂದೇ ಬಟ್ಟೆಯಲ್ಲ.

ಮೂರು ಗಂಟೆಯ ಹೊತ್ತಿಗೆ ಅವಳು ಕೈಯಲ್ಲಿ ಸೀಮೆಸುಣ್ಣ, ಟೇಪು ಹಿಡಿದು ಕೆಳಗಿಳಿದಳು. ಯಂತ್ರ ನಡೆಸುವವನನ್ನು ಎಲ್ಲರೂ ರಬ್ಬರಣ್ಣ ಎನ್ನುತ್ತಿದ್ದರು. ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು.

"ಏನ್ ಲ್ಯಾಬಮ್ಮ, ಈ ಹೊತ್ತಲ್ಲಿ? ನಿಮ್ಮ ತುಂಡು ಬೆಳಿಗ್ಗೇನೇ ಕಳಿಸಿದ್ನಲ್ಲ?"

"ಸುಮ್ಮನೆ ನೋಡೋಕೆ ಬಂದೆ ಅಣ್ಣ."

ಒಳಗೆ ಹೋಗುತ್ತಿದ್ದ ಬಟ್ಟೆಯ ಅಂಚಿನಲ್ಲಿ ಸರಿಯಾಗಿ ಒಂದು ಮೀಟರ್ ಅಂತರಕ್ಕೆ ಎರಡು ಗೀಟು ಎಳೆದು, ಯಂತ್ರವನ್ನು ಬಳಸಿ ಆಚೆಗೆ ಓಡಿದಳು. ಗೀಟುಗಳು ಹೊರಗೆ ಬಂದವು. ಬಟ್ಟೆಯ ಜೊತೆಗೆ ಹೆಜ್ಜೆ ಹಾಕುತ್ತಲೇ ಟೇಪು ಹಿಡಿದಳು. ಒಂದು ಮೀಟರ್ ಒಳಗೆ ಹೋಗಿತ್ತು, ಒಂದು ಮೀಟರ್ ಹೊರಗೆ ಬಂದಿತ್ತು. ಒಂದು ದಾರದೆಳೆಯಷ್ಟೂ ಕಡಿಮೆಯಿಲ್ಲ.

ರಬ್ಬರಣ್ಣ ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದ. "ಯಾಕಮ್ಮ ಸುಮ್ನೆ ಓಡ್ತೀರಿ? ನಮ್ಮ ರಬ್ಬರಿಗೆ ದಿನವೆಲ್ಲ ನಿದ್ದೆ. ಬೆಳಿಗ್ಗೆ ಮೊದಲನೇ ಥಾನಿಗೆ ಮಾತ್ರ ಎಚ್ಚರ ಇರುತ್ತೆ. ಅದರಲ್ಲೇ ನಿಮಗೆ ತುಂಡು ಕತ್ತರಿಸೋದು." ಒತ್ತುವ ಉರುಳೆಯ ತಿರುಗುಚಕ್ರವನ್ನು ಗದ್ದ ಎತ್ತಿ ತೋರಿಸಿದ. ಅದು ಪೂರ್ತಿ ಹಿಂದಕ್ಕೆ ತಿರುಗಿತ್ತು. ರಬ್ಬರಿಗೂ ಉರುಳೆಗೂ ನಡುವೆ ಬಟ್ಟೆ ಆರಾಮವಾಗಿ ಜಾರಿಕೊಂಡು ಹೋಗುತ್ತಿತ್ತು.

"ಯಾವಾಗಿಂದ ಹೀಗೆ?"

"ನಾನು ಬಂದಾಗಿಂದ ಹೀಗೇನೇ. ನಿಮಗಿಂತ ಮುಂಚೆ ಇದ್ದೋರಿಗೆ ಗೊತ್ತಿತ್ತಲ್ಲ, ನಿಮಗೆ ಹೇಳಿಲ್ವಾ?" ಅವಳ ಮುಖ ನೋಡಿ ಅವನ ನಗು ಅರ್ಧಕ್ಕೆ ನಿಂತಿತು. "ನನ್ನ ಮೇಲೆ ಕಣ್ಣು ಬಿಡ್ಬೇಡಿ ತಾಯಿ. ನಾನು ಚಕ್ರ ತಿರುಗಿಸೋನು. ಯಾವ ಕಡೆಗೆ ಅಂತ ಮೇಲಿನೋರು ಹೇಳ್ತಾರೆ."

ಮೇಲಿನವರೆಂದರೆ ಗಾಜಿನ ಕೋಣೆಯಲ್ಲಿ ಕೂರುವ ಮ್ಯಾನೇಜರು. ಪುಟ್ಟಿ ಹೇಳಿದ್ದನ್ನೆಲ್ಲ ಅವರು ಬೇಸರವಿಲ್ಲದೆ ಕೇಳಿಸಿಕೊಂಡರು. ನೀರು ಬೇಕೇ ಎಂದೂ ಕೇಳಿದರು.

"ಬಟ್ಟೆ ಆ ಯಂತ್ರದೊಳಗೆ ಹೋಗಿ ಬಂದಿದೆಯೋ ಇಲ್ಲವೋ?"

"ಬಂದಿದೆ ಸಾರ್. ಆದ್ರೆ ಒತ್ತೇ ಇಲ್ಲ."

"ಬಂದಿದೆ ತಾನೇ? ಮುದ್ರೆ ಹಾಕೋಕೆ ಅಷ್ಟು ಸಾಕು. ನೋಡಮ್ಮ, ನೂರು ಮೀಟರ್ ನೇಯ್ದು ತೊಂಬತ್ತೆರಡು ಮಾರೋಕೆ ನಾವೇನು ಧರ್ಮಕ್ಕೆ ಕೂತಿದೀವಾ? ಕುಗ್ಗೋ ಬಟ್ಟೆ ಇಲ್ಲೇ ಯಾಕೆ ಕುಗ್ಗಬೇಕು? ಅವರವರ ಬಕೆಟ್ಟಲ್ಲಿ ಕುಗ್ಗಲಿ."

"ಜನ ಕೇಳಲ್ವಾ ಸಾರ್?"

"ಇಷ್ಟು ವರ್ಷದಲ್ಲಿ ಒಂದು ದೂರು ಬಂದಿಲ್ಲ." ಅವರ ದನಿಯಲ್ಲಿ ಹೆಮ್ಮೆಯಿತ್ತು. "ಪ್ಯಾಂಟು ಗಿಡ್ಡ ಆದ್ರೆ ಯಾರಾದ್ರೂ ಮಿಲ್ಲಿಗೆ ಬರ್ತಾರಾ? ಟೈಲರ್ ಹತ್ರ ಹೋಗ್ತಾರೆ. ಟೈಲರ್‌ಗಳು ಹೇಗಿದ್ರೂ ಬಟ್ಟೆ ಕದಿಯೋರೇ ಅಂತ ಜನಕ್ಕೆ ಗೊತ್ತಲ್ಲ."

ಪುಟ್ಟಿಯ ಕಿವಿ ಬಿಸಿಯಾಯಿತು. "ನಮ್ಮತ್ತೆ ಟೈಲರ್ ಸಾರ್."

"ಓ," ಎಂದರು ಮ್ಯಾನೇಜರು. ನಿಜವಾಗಿಯೂ ಪೇಚಾಡಿದಂತೆ ಕಂಡರು. ಒಂದು ಕ್ಷಣ ಯೋಚಿಸಿ, ದಾರಿ ಹೊಳೆದವರಂತೆ ಮುಂದಕ್ಕೆ ಬಾಗಿ ಹೇಳಿದರು: "ಹಾಗಿದ್ರೆ ಅವರಿಗೆ ಹೇಳಿ, ಹೊಲಿಯೋಕೆ ಮುಂಚೆ ಬಟ್ಟೇನ ಒಂದು ದಿನ ನೆನೆಸ್ಲಿ. ಏನೂ ತೊಂದರೆ ಬರಲ್ಲ."

ಅವಳು ಎದ್ದು ನಿಂತಳು. ಬಾಗಿಲ ಬಳಿ ಹೋದಾಗ ಹಿಂದಿನಿಂದ ಅವರ ದನಿ ಬಂತು. "ಮುಂದಿನ ತಿಂಗಳು ನಿಮ್ಮ ಕೆಲಸ ಕಾಯಂ ಆಗೋದಿದೆ. ತಲೆ ತಣ್ಣಗಿಟ್ಕೊಳ್ಳಿ."

ಸಂಜೆ ಅತ್ತೆ ದೀಪ ಹಾಕದೆ ಯಂತ್ರದ ಮುಂದೆ ಕೂತಿದ್ದಳು. ಪುಟ್ಟಿ ನಿಂತಲ್ಲೇ, ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ರಬ್ಬರು, ಉರುಳೆ, ಬೆಳಗಿನ ಮೊದಲ ಥಾನು, ಗಾಜಿನ ಕೋಣೆ. ಹೇಳುತ್ತ ಹೇಳುತ್ತ ದನಿ ಏರಿ, "ಕಣ್ಣಿಗೆ ಮಣ್ಣೆರಚೋ ಮೋಸಗಾರರು!" ಎಂದು ಕೂಗಿದಳು.

ಅತ್ತೆ ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಆ ಮುದ್ರೆ ಹಾಕ್ಬಹುದು ಅಂತ ಅಪ್ಪಣೆ ಕೊಡೋರು ಯಾರೇ?"

"ನಾನೇ ಅತ್ತೆ."

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಇದಕ್ಕೆ ನಾನು ಎರಡು ವರ್ಷದ ಹಿಂದೆ ಗಾಜು ಬದಲಾಯಿಸ್ದೆ. ಗೊತ್ತಾ ಯಾಕೆ ಅಂತ? ಯಾರದೋ ಅಂಗಿ ಗಿಡ್ಡ ಆಯ್ತು, ಯಾರದೋ ಲಂಗ ಮೇಲೆ ಹೋಯ್ತು. ಅವರೆಲ್ಲ ಕೈಯಲ್ಲೇ ತಂದ ಬಟ್ಟೆ, ನಾಳೇನೇ ಬೇಕು ಅಂದಿದ್ರು, ನೆನೆಸೋಕೆ ಹೊತ್ತಿರಲಿಲ್ಲ. ಅವರ್ಯಾರೂ ನನ್ನ ಕಳ್ಳಿ ಅನ್ನಲಿಲ್ಲ, ಪಾಪ. 'ಟೈಲರಮ್ಮಂಗೆ ವಯಸ್ಸಾಯ್ತು' ಅಂದ್ರು. ನಾನೂ ಹೌದು ಅಂದ್ಕೊಂಡೆ. ಕಣ್ಣು ಹೋಯ್ತು, ಕೈ ಅಳತೆ ಹೋಯ್ತು ಅಂತ ಒಂದೊಂದನ್ನೂ ಬಿಚ್ಚಿ, ನನ್ನ ಬಟ್ಟೆ ಸೇರಿಸಿ ಹೊಲಿದುಕೊಟ್ಟೆ ಕಣೇ." ಕನ್ನಡಕವನ್ನು ಮೇಜಿನ ಅಂಚಿಗೆ ದೂಡಿದಳು. "ನನ್ನ ಕಣ್ಣು ಚೆನ್ನಾಗೇ ಇತ್ತು! ಆ ಗಾಜಿನ ಕೋಣೆಯೋನು ನನ್ನ ಕಣ್ಣೇ ಸರಿ ಇಲ್ಲ ಅಂತ ನನ್ನ ಕೈಲೇ ಒಪ್ಪಿಸಿಬಿಟ್ನಲ್ಲೇ!"

ಪುಟ್ಟಿ ಹತ್ತಿರ ಹೋಗಲು ಧೈರ್ಯ ಸಾಲದೆ ನಿಂತೇ ಇದ್ದಳು. "ನಾಳೆ ನಾನು ಬಂದು ಎಲ್ಲರ ಮುಂದೆ ಹೇಳ್ತೀನಿ," ಎಂದಳು.

"ನಿನ್ನ ಕೆಲಸ?"

"ಹೋದ್ರೆ ಹೋಗ್ಲಿ."

"ಹೋಗ್ಲಿ ಅನ್ನೋದು ಸುಲಭ," ಎಂದಳು ಅತ್ತೆ. ಬೇಡವೆನ್ನಲಿಲ್ಲ. "ಮೊದ್ಲು ಆ ಚಪ್ಪಲಿ ಬಿಡು."

ಮರುದಿನ ಶಾಲೆಯ ಪ್ರಾರ್ಥನೆಯ ಹಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಕೆಲವರ ಮಡಿಲಲ್ಲಿ ನೀಲಿ ಪ್ಯಾಂಟುಗಳಿದ್ದವು. ಅತ್ತೆ ಪುಟ್ಟಿಯ ಜೊತೆ ಒಳಗೆ ಬಂದಳು. ಹಿಂದಿನ ಸಾಲಿನಲ್ಲಿ ಯಾರೋ "ಟೇಪು ತಂದಿದಾಳಾ ನೋಡಿ, ಅದೂ ಗಿಡ್ಡ ಇರುತ್ತೆ," ಎಂದಾಗ ನಗು ಹಬ್ಬಿತು. ಹೆಡ್‌ಮೇಡಂ ಮೇಜು ಕುಟ್ಟಿದರು.

ಪುಟ್ಟಿ ಎದ್ದು ನಿಂತು ಮಿಲ್ಲಿನ ಗುರುತಿನ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ರಾತ್ರಿಯೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಕ್ರಮದಲ್ಲೇ ಹೇಳಿದಳು. ನೂಲಿನ ಎಳೆತದಿಂದ ತೊಡಗಿ ಹಿಂದಕ್ಕೆ ತಿರುಗಿದ ಚಕ್ರದವರೆಗೆ ಒಂದೂ ಬಿಡಲಿಲ್ಲ. ಹೇಳಿ ಮುಗಿಸಿದಾಗ ಮೈ ಹಗುರವಾದಂತೆನಿಸಿತು.

"ಚೆನ್ನಾಗಿ ಮಾತಾಡಿದ್ರಿ," ಎಂದರು ಕ್ಯಾಷಿಯರಮ್ಮ ಕೂತಲ್ಲಿಂದಲೇ. "ನೀವು ಇವರಿಗೆ ಏನಾಗ್ಬೇಕು?"

"ಅಣ್ಣನ ಮಗಳು."

"ಅವರ ಮನೇಲೇ ಇರೋದು?"

"ಹೌದು."

"ಮತ್ತೆ ಅವರ ಪರ ಮಾತಾಡದೆ ಇನ್ಯಾರ ಪರ ಮಾತಾಡ್ತೀರಿ?"

ಹಾಲಿನಲ್ಲಿ ಹೌದುಹೌದೆನ್ನುವ ಗುಜುಗುಜು ಎದ್ದಿತು. ಹೆಡ್‌ಮೇಡಂ ಮೂಗುಜ್ಜಿಕೊಂಡು, "ಇದನ್ನೆಲ್ಲ ನಿಮ್ಮ ಮಿಲ್ಲಿನೋರ ಕೈಲಿ ಬರೆಸಿಕೊಡೋಕೆ ಆಗುತ್ತಾ?" ಎಂದು ಕೇಳಿದರು. ಪುಟ್ಟಿ ಕಾರ್ಡನ್ನು ಕೆಳಗಿಳಿಸಿದಳು. ಕೆಲಸವೂ ಹೋದಂತೆಯೇ, ಹೇಳಿದ ಮಾತನ್ನೂ ಯಾರೂ ನಂಬಲಿಲ್ಲ ಎಂಬುದು ಅವಳಿಗೆ ನಿಧಾನವಾಗಿ ಅರ್ಥವಾಗತೊಡಗಿತು.

"ಬರೆಯೋದೇನೂ ಬೇಡ," ಎಂದಳು ಅತ್ತೆ. "ನೀನು ಕೂತ್ಕೊಳೇ. ಮೇಡಂ, ನಾನು ವಾಪಸ್ ಕಳಿಸಿದ ಥಾನು ನಿಮ್ಮ ಬೀರುವಲ್ಲೇ ಇದೆಯಲ್ಲ. ತರಿಸಿ. ಒಂದು ಬಕೆಟ್ ಬಿಸಿನೀರು, ಒಂದು ಇಸ್ತ್ರಿಪೆಟ್ಟಿಗೆ, ಬೋರ್ಡಿಗೆ ಗೆರೆ ಎಳೆಯೋ ಮೀಟರ್ ಸ್ಕೇಲು ಒಂದು, ಕತ್ತರಿ ಒಂದು, ಅಳಿಸದಿರೋ ಪೆನ್ನು ಒಂದು."

ಎಲ್ಲವೂ ಬಂದವು. ಅಂಚಿನಲ್ಲಿ ಮಿಲ್ಲಿನ ಮುದ್ರೆ ಎದ್ದು ಕಾಣುತ್ತಿದ್ದ ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿ ಹಾಕಿದರು. ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬನ್ನಿ ಕ್ಯಾಷಿಯರಮ್ಮ. ಗುರುತು ನೀವೇ ಹಾಕಿ, ಕತ್ತರಿನೂ ನೀವೇ ಹಿಡೀರಿ, ನೆನೆಸೋದೂ ನೀವೇ. ನಾನು ಮುಟ್ಟಲ್ಲ. ಮುಟ್ಟಿದ್ರೆ ಇದರಲ್ಲೂ ನಾಲ್ಕು ಬೆರಳು ಎತ್ತಿದ್ಲು ಅಂತೀರಿ."

ಕ್ಯಾಷಿಯರಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. ಸವಾಲು ಎಂದರೆ ಹಿಂದೆಗೆಯುವ ಪೈಕಿಯಲ್ಲ ಅವರು. ಬಟ್ಟೆಯ ಉದ್ದಕ್ಕೆ, ಸರಿಯಾಗಿ ಐವತ್ತು ಸೆಂಟಿಮೀಟರ್ ದೂರಕ್ಕೆ ಎರಡು ಕಪ್ಪು ಗೆರೆ ಎಳೆದರು. ಪಕ್ಕದಲ್ಲಿದ್ದ ಇಬ್ಬರ ಕೈಯಲ್ಲಿ ಅಳೆಸಿ ಐವತ್ತೇ ಎಂದು ಹೇಳಿಸಿದರು. ತುಂಡನ್ನು ಕತ್ತರಿಸಿ, ಹಬೆಯಾಡುವ ನೀರಿಗೆ ಹಾಕಿ, ಬಕೆಟ್ಟಿನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಅರ್ಧ ಗಂಟೆ ಅವರು ಅಲ್ಲಿಂದ ಕಣ್ಣು ಕೀಳಲಿಲ್ಲ. ಅತ್ತೆಯೂ ಕಟ್ಟಿದ ಕೈ ಬಿಡದೆ ನಿಂತೇ ಇದ್ದಳು. ಯಾರೋ ಕೊಟ್ಟ ಕುರ್ಚಿಯನ್ನು ತಲೆಯಾಡಿಸಿ ಬೇಡವೆಂದಳು. ಪುಟ್ಟಿ ನೀರಿನ ಬಿಸಿ ಸಾಕೋ ಇಲ್ಲವೋ, ಹೊತ್ತು ಸಾಕೋ ಇಲ್ಲವೋ ಎಂದು ಒಳಗೇ ಬೇಯುತ್ತಿದ್ದಳು. ಅದು ಯಾವುದೋ ಬೆಳಗಿನ ಮೊದಲ ಥಾನಾಗಿದ್ದರೆ? ರಬ್ಬರು ಎಚ್ಚರವಾಗಿದ್ದಾಗ ಹೊರಗೆ ಬಂದ ಒಂದೇ ಒಂದು ಥಾನು ಇದೇ ಆಗಿದ್ದರೆ? ಆ ಯೋಚನೆ ಬಂದ ಮೇಲೆ ಅವಳು ಬಕೆಟ್ಟಿನತ್ತ ನೋಡಲಿಲ್ಲ.

ತುಂಡನ್ನು ಹಿಂಡಿ, ಕೊಡವಿ, ಇಸ್ತ್ರಿಪೆಟ್ಟಿಗೆಯನ್ನು ಮೇಲೆ ಮೆಲ್ಲಗೆ ಇಟ್ಟಿಟ್ಟು ಒಣಗಿಸಿದ್ದೂ ಕ್ಯಾಷಿಯರಮ್ಮನೇ. ಹಿಂದಿನ ಸಾಲಿನವರು ಎದ್ದು ಮೇಜಿನ ಸುತ್ತ ನೆರೆದರು. ಕ್ಯಾಷಿಯರಮ್ಮ ಸ್ಕೇಲಿನ ಸೊನ್ನೆಯನ್ನು ಒಂದು ಗೆರೆಗೆ ಕೂಡಿಸಿ ಇನ್ನೊಂದು ತುದಿಗೆ ಬಗ್ಗಿದರು. ಬಗ್ಗಿದವರು ಹಾಗೆಯೇ ಇದ್ದರು. ಆಮೇಲೆ ಸ್ಕೇಲನ್ನು ತಿರುಗಿಸಿ ಈ ತುದಿಯಿಂದ ಅಳೆದರು. ಮತ್ತೆ ಹೆಬ್ಬೆರಳುಗಳಿಂದ ಎರಡೂ ಕಡೆ ಒತ್ತಿ ಹಿಡಿದು, ಬಟ್ಟೆಯನ್ನು ಜಗ್ಗಿ ನೋಡಿದರು.

"ಎಳೀಬೇಡಿ ಅಮ್ಮ," ಎಂದಳು ಅತ್ತೆ. "ಸುಮ್ಮನೆ ಹಾಸಿ."

ಕ್ಯಾಷಿಯರಮ್ಮ ಕೈ ಸಡಿಲಿಸಿದರು. ಅಂಗೈಯಿಂದ ಬಟ್ಟೆಯನ್ನು ಒಮ್ಮೆ ಸವರಿ ಮೇಜಿಗೆ ಹಾಸಿದರು, ಸ್ಕೇಲನ್ನು ಇಟ್ಟರು.

"ಎಷ್ಟಿದೆ, ಗಟ್ಟಿಯಾಗಿ ಓದಿ," ಎಂದರು ಹೆಡ್‌ಮೇಡಂ.

ಕ್ಯಾಷಿಯರಮ್ಮ ತಲೆಯೆತ್ತದೆ ಓದಿದರು: ನಲವತ್ತಾರು ಸೆಂಟಿಮೀಟರ್, ಎರಡು ಮಿಲಿಮೀಟರ್.